ಖಾಲಿ ಪೆನ್ನಿಗೆ ತುಂಬಿದ ಪೆನ್ನು

ಕರಾಮ, ದುಬೈ
10 ಜೂನ್ 2025, ಮಂಗಳವಾರ

ಗಾನವಿ,

ಇವತ್ತು ಬೆಳಿಗ್ಗೆಯಿಂದ ನಮ್ಮ ಅಂಗಡಿಯಲ್ಲಿ ನಖ್ಲಾ ವಿಮೆ ಕಾರ್ಡಿನವರಿಗೆ ಇನ್ಸುಲಿನ್ ಕೊಡುವಂತಿಲ್ಲ. ಇದನ್ನು ಮೊದಲು ಹೇಳಿದ್ದು ಕಂಪ್ಯೂಟರ್, ಆಮೇಲೆ ಲೀಲಮ್ಮ. ಅವರ ಮೊಬೈಲಿಗೆ ಸಂದೇಶ ಬಂದಿತ್ತು. ಓದಿಸಲು ನನ್ನ ಬಳಿಗೇ ತಂದರು. ಇನ್ನು ಮುಂದೆ ನಿಮ್ಮ ಇನ್ಸುಲಿನ್ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿರುವ ನಖ್ಲಾದ ಸ್ವಂತ ಫಾರ್ಮಸಿಯಿಂದ ನೇರವಾಗಿ ಮನೆ ಬಾಗಿಲಿಗೆ ಬರುತ್ತದೆ, ಬೇರೆಲ್ಲೂ ಸಿಗುವುದಿಲ್ಲ ಎಂದಿತ್ತು.

ಲೀಲಮ್ಮ ನಮ್ಮ ಹಿಂದಿನ ಬೀದಿಯ ಮೆಸ್ಸಿನಲ್ಲಿ ಅಡುಗೆಯವರು, ಮಂಡ್ಯದ ಕಡೆಯವರು. ಐವರು ಹೆಂಗಸರ ಜೊತೆ ಒಂದು ಕೋಣೆಯಲ್ಲಿ ಬೆಡ್‌ಸ್ಪೇಸ್. 

“ಬಾಗ್ಲಿಗೆ ಬರ್ತದಂತಾ? ನಂಗೆಲ್ಲೈತೆ ಬಾಗ್ಲು? ಇರೋದೊಂದು ಮಂಚ,” ಎಂದರು.

ಎರಡನೆಯ ಸುದ್ದಿ ಇನ್ನೂ ಕೆಟ್ಟದು. ನಖ್ಲಾದಿಂದ ನೋಟಿಸ್ ಬಂದಿದೆ. ನಮ್ಮ ಹನ್ನೊಂದು ಗಿರಾಕಿಗಳ ಹೆಸರಿನಲ್ಲಿ ತಿಂಗಳಿಗೆ ಮೂರು ಪೆನ್ನು, ಅಂದರೆ ಇನ್ಸುಲಿನ್ ತುಂಬಿದ ಚುಚ್ಚುವ ಪೆನ್ನು, ಎಂದು ಕ್ಲೈಮ್ ಹೋಗಿದೆ, ಕ್ಲೈಮಿನ ಚೀಟಿಯಲ್ಲಿ ಅವರು ಸಹಿ ಹಾಕಿರುವುದು ಒಂದಕ್ಕೆ, ಹಾಗಾಗಿ ಇದು ಸುಳ್ಳು ಕ್ಲೈಮ್ ಎಂಬುದು ಆರೋಪ. ನಿನಗೆ ನಮ್ಮ ಪದ್ಧತಿ ಹೇಳಿದ ನೆನಪಿಲ್ಲ, ಈಗ ಹೇಳುತ್ತೇನೆ. ಮಾಲೀಕರಾದ ಮೊಯ್ದಿನಬ್ಬ ಕಾಕನ ತಂದೆಗೆ ವಿಟ್ಲದಲ್ಲಿ ಸೋಡಾ ಅಂಗಡಿ ಇತ್ತಂತೆ. ಖಾಲಿ ಬಾಟಲಿ ತಂದವರಿಗೆ ತುಂಬಿದ ಬಾಟಲಿ. ಕಾಕ ಇನ್ಸುಲಿನ್ ಪೆನ್ನಿಗೂ ಅದೇ ಕ್ರಮ ಮಾಡಿದ್ದಾರೆ. ಬೆಡ್‌ಸ್ಪೇಸಿನವರ ಫ್ರಿಜ್ಜನ್ನು ನಂಬುವಂತಿಲ್ಲ. ತಿಂಗಳ ಮೂರು ಪೆನ್ನುಗಳಲ್ಲಿ ಒಂದನ್ನು ಕೊಟ್ಟು, ಉಳಿದೆರಡನ್ನು ಹೆಸರು ಬರೆದು ನಮ್ಮ ಫ್ರಿಜ್ಜಿನಲ್ಲಿ ಇಡುತ್ತೇವೆ. ಹತ್ತು ದಿನಕ್ಕೊಮ್ಮೆ ಖಾಲಿ ಪೆನ್ನು ತಂದು ಮುಂದಿನದನ್ನು ಒಯ್ಯುತ್ತಾರೆ. ಆಗ ಎರಡು ಮಾತು ಕೇಳುತ್ತೇವೆ, ಗಾಯವೇನಾದರೂ ಆಗಿದೆಯೇ ಎಂದು ಕಾಲು ನೋಡುತ್ತೇವೆ.

ಜುಲೈ 10ರೊಳಗೆ ಉತ್ತರ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಅಂಗಡಿ ನಖ್ಲಾ ಪಟ್ಟಿಯಿಂದ ಹೊರಗೆ. ಫಾರ್ಮಸಿಸ್ಟ್ ಆದ ನನ್ನ ಹೆಸರು ಆರೋಗ್ಯ ಪ್ರಾಧಿಕಾರಕ್ಕೆ ಹೋಗುತ್ತದೆ. ಲೈಸೆನ್ಸ್ ಹೋದರೆ ಈ ದೇಶದಲ್ಲಿ ನಾನು ಮಾತ್ರೆಯ ಪಟ್ಟಿ ಹರಿಯುವಂತಿಲ್ಲ.

ವಿಮೆ ಇಳಿಸುವ ಕಂಪನಿ ಒಂದು, ಚೀಟಿ ಬರೆಯುವ ಡಾಕ್ಟರ್ ಒಬ್ಬರು, ಮದ್ದು ಕೊಡುವ ನಾವು. ನಡುವೆ ಕೂತು ಯಾರಿಗೆ ಯಾವ ಮದ್ದು, ಎಷ್ಟು, ಯಾವ ಅಂಗಡಿಯಿಂದ ಎಂದು ತೀರ್ಮಾನಿಸುವುದು ನೀನು ಕೆಲಸ ಮಾಡುವ ನಖ್ಲಾ. ಸಹಿಗೂ ಕ್ಲೈಮಿಗೂ ತಾಳೆ ನೋಡುವ ಈ ತಪಾಸಣೆ ಯಾವ ಪುಣ್ಯಾತ್ಮರ ತಲೆಯಿಂದ ಬಂತು, ನೋಡಿ ಹೇಳು ಮಾರಾಯ್ತಿ.

ಆಫೀಸಿನ ವಿಷಯವನ್ನು ನೀನು ಫೋನಿನಲ್ಲಿ ಮಾತಾಡುವುದಿಲ್ಲ ಎಂದು ಗೊತ್ತು. ಅದಕ್ಕೇ ಕಾಗದ. ಕೇಟರಿಂಗ್ ವ್ಯಾನಿನ ಫ್ಲಾಯ್ಡ್ ವಾರಕ್ಕೆರಡು ಸಲ ಅಬುಧಾಬಿಗೆ ಬರುತ್ತಾನೆ. ಅವನ ಕೈಯಲ್ಲಿ ಕಳಿಸಿದ್ದೇನೆ. ಜೊತೆಗಿರುವ ಬಂಗುಡೆ ಫ್ರೈ ನಿನಗೆ. ಹಾಸ್ಟೆಲಿನಲ್ಲಿ ನನ್ನ ತಟ್ಟೆಯಿಂದ ಕದ್ದು ಮೀನು ಕಲಿತ ಮೈಸೂರಿನವಳು ನೀನೊಬ್ಬಳೇ.

ನಾಫಿಯಾ

*

ಟೂರಿಸ್ಟ್ ಕ್ಲಬ್ ಏರಿಯಾ, ಅಬುಧಾಬಿ
15 ಜೂನ್ 2025, ಭಾನುವಾರ

ಪ್ರೀತಿಯ ನಾಫಿಯಾ,

ಕಾಗದ ಶುಕ್ರವಾರ ತಲುಪಿತು. ಪೇಪರ್ ಏಜೆಂಟರ ಮಗಳು ಅನ್ನುವುದನ್ನು ನೀನು ಬಿಡುವುದಿಲ್ಲ. ಮೊದಲ ಸಾಲಿನಲ್ಲೇ ಸುದ್ದಿ, ಎರಡನೇ ಸಾಲಿನಲ್ಲಿ ಅದನ್ನು ಹೇಳಿದವರು ಯಾರು ಅಂತ.

ನಾನು ಹೇಳಬಹುದಾದದ್ದು ಇಷ್ಟು. ಉತ್ತರವನ್ನು ಉದ್ದ ಮಾಡಬೇಡ. ಕೋಪ ಬೇಡ, ದಾಖಲೆ ಇರಲಿ. ಎರಡನೆಯ ಮತ್ತು ಮೂರನೆಯ ಪೆನ್ನು ಗಿರಾಕಿಯ ಕೈ ಸೇರಿದ ದಿನಾಂಕಕ್ಕೆ ಪುರಾವೆ ಇದೆಯಾ? ಬಾಯಿಮಾತು ಸಾಲದು. ಪೆನ್ನಿನ ಬ್ಯಾಚ್ ಸಂಖ್ಯೆ ಇದ್ದರೆ ಯಾರೂ ಅಲ್ಲಗಳೆಯಲಾರರು.

ತಪಾಸಣೆಯನ್ನು ಯಾರು ಬರೆದರು ಅನ್ನುವುದರಿಂದ ನಿನಗೆ ಈಗ ಉಪಯೋಗವಿಲ್ಲ. ಅದನ್ನು ಬಿಡು.

ಇನ್ನೊಂದು ವಿಷಯ. ಲೀಲಮ್ಮನವರ ಸಕ್ಕರೆ ಎಷ್ಟಿದೆ ಅಂತ ವಾರಕ್ಕೊಮ್ಮೆ ಬರೆದಿಟ್ಟುಕೋ. ಡಾಕ್ಟರು ಡೋಸ್ ಬದಲಾಯಿಸಿದರೆ ಅದನ್ನೂ.

ಮೀನು ಚೆನ್ನಾಗಿತ್ತು. ಎದುರು ಮನೆಯವರು ಬಾಗಿಲು ತಟ್ಟಿ ವಾಸನೆ ಎಲ್ಲಿಂದ ಅಂತ ಕೇಳಿದರು. ಗೊತ್ತಿಲ್ಲ ಅಂದೆ.

ಗಾನವಿ

*

ಕರಾಮ
8 ಜುಲೈ 2025, ಮಂಗಳವಾರ

ಗಾನವಿ,

ಉತ್ತರ ನಿನ್ನೆ ಸಲ್ಲಿಕೆಯಾಯಿತು. ನಖ್ಲಾದಿಂದ ಸ್ವೀಕೃತಿಯೂ ಬಂದಿದೆ.

ನಿನ್ನ ಪ್ರಶ್ನೆಯನ್ನು ಕಾಕನ ಮುಂದಿಟ್ಟೆ. ಅವರು ಸ್ಟೂಲ್ ಹತ್ತಿ ಅಟ್ಟದಿಂದ ರಟ್ಟಿನ ಪೆಟ್ಟಿಗೆ ಇಳಿಸಿದರು. ಒಳಗೆ ಹದಿನಾಲ್ಕು ರಿಜಿಸ್ಟರ್. ಪ್ರತಿ ಸಾಲಿನಲ್ಲಿ ಹೆಸರು, ದಿನಾಂಕ, ಸಹಿ ಅಥವಾ ಹೆಬ್ಬೆಟ್ಟು. ಕೊನೆಯ ಕಾಲಮಿನಲ್ಲಿ ಗಿರಾಕಿ ವಾಪಸ್ ತಂದ ಖಾಲಿ ಪೆನ್ನಿನಿಂದ ಕಿತ್ತು ಅಂಟಿಸಿದ ಲೇಬಲ್. ಬ್ಯಾಚ್ ಸಂಖ್ಯೆ ಅದರಲ್ಲೇ ಅಚ್ಚಾಗಿದೆ. ಹತ್ತೊಂಬತ್ತು ವರ್ಷದಿಂದ ಒಂದು ಲೇಬಲ್ಲೂ ತಪ್ಪಿಲ್ಲ. ನಾನು ಈ ಅಂಗಡಿಗೆ ಬಂದು ಆರು ವರ್ಷ, ಸಂಜೆ ಅವರು ಗೋಂದು ಹಿಡಿದು ಕೂರುವುದನ್ನು ಮುದುಕರ ಹವ್ಯಾಸ ಎಂದುಕೊಂಡಿದ್ದೆ.

“ಇದನ್ನು ಯಾಕೆ ಮೊದಲೇ ಹೇಳಲಿಲ್ಲ ಕಾಕ?” ಎಂದೆ.

“ನೀನು ಕೇಳಿದೆಯಾ ಮಗಳೇ?” ಎಂದರು.

ಹನ್ನೊಂದು ಜನರ ಒಂದೊಂದು ಪೆನ್ನಿಗೂ ಲೇಬಲ್ ಸಿಕ್ಕಿತು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಳಿಸಿದ್ದೇನೆ. ನಿಮ್ಮವರು ಓದುವುದಾದರೆ ಓದಲಿ.

ಇನ್ನು ಲೀಲಮ್ಮ. ಜೂನ್ 10ರಂದು ಖಾಲಿ ಹೊಟ್ಟೆಯ ಸಕ್ಕರೆ 138 ಇತ್ತು. ಜೂನ್ 24ಕ್ಕೆ 240. ನಿನ್ನೆ 310. ಡಾಕ್ಟರು ಎರಡು ಸಲ ಡೋಸ್ ಏರಿಸಿ 28 ಯೂನಿಟ್ಟನ್ನು 40 ಮಾಡಿದ್ದಾರೆ. ಇಳಿಯುತ್ತಿಲ್ಲ. ಪೆಟ್ಟಿಗೆ ಬರುವಾಗ ಅವರು ಮೆಸ್ಸಿನಲ್ಲಿರುತ್ತಾರೆ, ಪಕ್ಕದ ಮಂಚದ ಹಲೀಮ ತೆಗೆದುಕೊಳ್ಳುತ್ತಾಳೆ. ಮೊದಲ ಪೆಟ್ಟಿಗೆ ಬಂದ ದಿನ ಅವಳು ನನಗೆ ಫೋನ್ ಮಾಡಿದ್ದಳು, ಹೇಗೆ ಇಡಬೇಕೆಂದು ಎಲ್ಲ ಹೇಳಿದ್ದೇನೆ. ಹಾಗಾಗಿ ಇಡುವುದರಲ್ಲಿ ತಪ್ಪಿರಲಾರದು. ಮೆಸ್ಸಿನ ಜಾಮೂನಿನ ಮೇಲೆ ನನ್ನ ಅನುಮಾನ. ಕೇಳಿದರೆ, ರುಚಿ ನೋಡದೆ ಬಡಿಸೋಕಾಯ್ತದಾ ಎನ್ನುತ್ತಾರೆ.

ನೀನು ತಪಾಸಣೆ ಬರೆದವರ ಹೆಸರು ಹೇಳಲಿಲ್ಲ. ನಿಮ್ಮ ಮ್ಯಾನೇಜರ್ ಸೆಬಾಸ್ಟಿಯನ್ ಅವರದ್ದೇ ಇರಬೇಕು. ಹೇಳಲು ಹೆದರಿಕೆಯಾದರೆ ಬೇಡ ಬಿಡು.

ನಾಫಿಯಾ

*

ಟೂರಿಸ್ಟ್ ಕ್ಲಬ್ ಏರಿಯಾ
13 ಜುಲೈ 2025, ಭಾನುವಾರ

ನಾಫಿಯಾ,

ಲೀಲಮ್ಮನವರ ಪೆನ್ನನ್ನು ಬೆಳಕಿಗೆ ಹಿಡಿದು ನೋಡು. ಜಾಮೂನನ್ನು ಆಮೇಲೆ ವಿಚಾರಿಸುವಿಯಂತೆ.

ಏನು ಕಂಡರೂ ನನಗೆ ಬರೆಯಬೇಡ. ಪ್ರಾಧಿಕಾರದ ದೂರು ವಿಭಾಗಕ್ಕೆ ಬರೆ. ಪೆಟ್ಟಿಗೆಯ ಸಂಖ್ಯೆ, ಬಂದ ದಿನಾಂಕ, ಫೋಟೋ, ನೀನು ಬರೆದಿಟ್ಟ ಸಕ್ಕರೆಯ ಅಂಕಿಗಳು, ಇಷ್ಟು ಸಾಕು.

ನಾಳೆಯಿಂದ ಫ್ಲಾಯ್ಡ್ ಕೈಯಲ್ಲಿ ಕಾಗದ ಕಳಿಸಬೇಡ. ಕಳಿಸಿದರೂ ನಾನು ತೆರೆಯುವುದಿಲ್ಲ. ಕಾರಣ ಕೇಳಬೇಡ.

ಗಾನವಿ

*

ಕರಾಮ
17 ಜುಲೈ 2025, ಗುರುವಾರ

ಗಾನವಿ,

ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಪ್ರಾಧಿಕಾರಕ್ಕೆ ದೂರು ಹೋಯಿತು. ಬೇಡ ಎಂದರೂ ನಿನಗೂ ಬರೆಯುತ್ತಿದ್ದೇನೆ.

ಪೆನ್ನನ್ನು ಬೆಳಕಿಗೆ ಹಿಡಿದೆ. ನೀರಿನ ಹಾಗೆ ತಿಳಿಯಾಗಿರಬೇಕಾದ ಮದ್ದಿನಲ್ಲಿ ಮೊಸರು ಒಡೆದಂತೆ ಬಿಳಿ ಚೂರುಗಳು. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್. ಅಂಥದ್ದನ್ನು ನಲವತ್ತಲ್ಲ, ನಾನೂರು ಯೂನಿಟ್ ಚುಚ್ಚಿಕೊಂಡರೂ ನಂಬುವಂತಿಲ್ಲ. ಅವರ ಕೋಣೆಗೆ ಹೋದೆ. ಹಲೀಮ ಫ್ರೀಜರ್ ತೆರೆದು, ಗಟ್ಟಿಯಾದ ಬಂಗುಡೆಯ ಪೊಟ್ಟಣ ಎತ್ತಿ, ಅದರಡಿಯಿಂದ ಉಳಿದೆರಡು ಪೆನ್ನು ತೆಗೆದಳು.

“ಕೆಳಗಿನ ಬಾಗಿಲು ಆರು ಜನ ದಿನಾ ಹತ್ತು ಸಲ ತೆಗೀತಾರೆ. ಮೇಲೆ ಯಾರೂ ಕೈ ಹಾಕುದಿಲ್ಲ. ಅಕ್ಕನ ಮದ್ದು ಹಾಳಾಗ್ಬಾರ್ದಂತ ಮೀನಿನ ಅಡಿಗೆ ಇಟ್ಟದ್ದು,” ಎಂದಳು. ತನ್ನ ಮೀನಿಗೂ ಅಷ್ಟು ಜಾಗ್ರತೆ ಮಾಡಿರಲಿಲ್ಲವಂತೆ. ಆ ಎರಡರ ಫೋಟೋ ತೆಗೆದುಕೊಂಡೆ.

ಕಾಕ ಅಂಗಡಿಯ ಫ್ರಿಜ್ಜಿನಿಂದ ಹೊಸ ಪೆನ್ನು ಕೊಟ್ಟರು, ಕಾರ್ಡ್ ಕೇಳಲಿಲ್ಲ. ಡಾಕ್ಟರ ಜೊತೆ ಮಾತಾಡಿ ಡೋಸನ್ನು ಮತ್ತೆ 28ಕ್ಕೆ ಇಳಿಸಿದ್ದೇವೆ. ಒಳ್ಳೆಯ ಮದ್ದನ್ನು ನಲವತ್ತು ಹಾಕಿಕೊಂಡಿದ್ದರೆ ಒಲೆಯ ಮುಂದೆಯೇ ಬೀಳುತ್ತಿದ್ದರು. ಬೆಳಿಗ್ಗೆ 205ಕ್ಕೆ ಇಳಿದಿದೆ. ಇಳಿಯುತ್ತದೆ.

ನಮ್ಮ ಹನ್ನೊಂದು ಜನರಲ್ಲಿ ಇನ್ನೂ ಮೂವರ ಪೆನ್ನು ಹೀಗೇ ಕೆಟ್ಟಿದೆ. ಒಬ್ಬರದು ವಾಚ್‌ಮನ್ ಮೇಜಿನ ಮೇಲೆ ಇಡೀ ದಿನ ಬಿಸಿಲಿನಲ್ಲಿತ್ತು. ಹನ್ನೊಂದೂ ಜನ ದೂರಿಗೆ ಸಹಿ ಹಾಕಿದ್ದಾರೆ. ಲೀಲಮ್ಮ ಹೆಬ್ಬೆಟ್ಟು ಒತ್ತಿದ ಮೇಲೆ ಅದನ್ನೇ ನೋಡುತ್ತಾ, ಸರ್ಕಾರಕ್ಕೆ ನನ್ನ ಗುರುತು ಸಿಕ್ತು ಬಿಡವ್ವ ಎಂದರು.

ಈಗ ನಿನ್ನ ಮಾತು. ಪೆನ್ನಿನ ಸ್ಥಿತಿ ಅಬುಧಾಬಿಯಲ್ಲಿ ಕೂತ ನಿನಗೆ ಹೇಗೆ ಗೊತ್ತಾಯಿತು? ಗೊತ್ತಿದ್ದವಳು ಒಂದು ತಿಂಗಳು ಸುಮ್ಮನಿದ್ದೆಯಾ? ಸಂಬಳ ಕೊಡುವವರ ಕಡೆ ನಿಲ್ಲುವುದು ತಪ್ಪಲ್ಲ. ಅದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಖಲಾಸ್. ಇನ್ನು ನಾನೂ ಕೇಳುವುದಿಲ್ಲ.

ನಾಫಿಯಾ

*

ಕರಾಮ
20 ಆಗಸ್ಟ್ 2025, ಬುಧವಾರ

ಗಾನವಿ,

ಸೆಪ್ಟೆಂಬರ್ 9ಕ್ಕೆ ವಿಚಾರಣೆ ನಿಗದಿಯಾಗಿದೆ. ಪ್ರಾಧಿಕಾರದಿಂದ ನಿನ್ನೆ ಪತ್ರ ಬಂತು.

ಜುಲೈ ಕಾಗದವನ್ನು ಫ್ಲಾಯ್ಡ್ ಮುಚ್ಚಿದ ಹಾಗೇ ವಾಪಸ್ ತಂದಿದ್ದಾನೆ. “ಬಾಗಿಲು ತೆರೆದ್ರು, ಮೀನು ತಕೊಂಡ್ರು, ಕಾಗದ ನನ್ನ ಕಿಸೆಗೇ ಹಾಕಿದ್ರು,” ಎಂದ. ಇದನ್ನೂ ಹಾಗೇ ಮಾಡುತ್ತೀ ಎಂದು ಗೊತ್ತು. ಆದರೂ ಮೀನಿನ ಜೊತೆ ಕಳಿಸುತ್ತಿದ್ದೇನೆ. ಮೀನಿಗೆ ನನ್ನ ಕೋಪವಿಲ್ಲ.

ಲೀಲಮ್ಮ 146.

ನಾಫಿಯಾ

*

ಕರಾಮ
9 ಸೆಪ್ಟೆಂಬರ್ 2025, ಮಂಗಳವಾರ, ಸಂಜೆ ನಾಲ್ಕು

ಗಾನವಿ,

ನಮ್ಮ ಮೇಲಿದ್ದ ನೋಟಿಸ್ ರದ್ದಾಗಿದೆ. ವಿಚಾರಣೆ ನಡೆಸಿದ ಅಧಿಕಾರಿಯೇ ಮಧ್ಯಾಹ್ನ ಒಂದೂವರೆಗೆ ಓದಿ ಹೇಳಿದರು. ಜೊತೆಗೆ ಇನ್ನೊಂದನ್ನೂ ಹೇಳಿದರು. ಅದನ್ನು ಕೇಳಿದ ಮೇಲೆ ಇದನ್ನು ನೀನು ಓದಬಹುದು ಎಂದು ತಿಳಿದು ಬರೆಯುತ್ತಿದ್ದೇನೆ.

ಒಂಬತ್ತೂವರೆಗೆ ಶುರುವಾಯಿತು. ಮೇಜಿನ ಆ ಕಡೆ ನಖ್ಲಾದ ವಕೀಲರು ಮತ್ತು ಸೆಬಾಸ್ಟಿಯನ್. ಈ ಕಡೆ ಕಾಕ, ನಾನು, ಲೀಲಮ್ಮ, ಹಲೀಮ. ಕಾಕ ಹದಿನಾಲ್ಕು ರಿಜಿಸ್ಟರನ್ನೂ ಫ್ಲಾಯ್ಡ್‌ನ ವ್ಯಾನಿನಲ್ಲಿ ತರಿಸಿದ್ದರು. ಸ್ಕ್ಯಾನ್ ಪ್ರತಿ ಸಾಕು ಎಂದು ವಕೀಲರು ಹೇಳಿದರೂ ಅಧಿಕಾರಿ ಮೂಲ ರಿಜಿಸ್ಟರನ್ನೇ ತೆರೆದರು. ಲೇಬಲ್ ಮೇಲೆ ಬೆರಳಾಡಿಸಿ, ಇದನ್ನು ಅಂಟಿಸಿದವರು ಯಾರು ಎಂದು ಕೇಳಿದರು. ಕಾಕ ಎದ್ದು ನಿಂತು ಹಿಂದಿಯಲ್ಲಿ, ಗೋಂದು ಅಂಗಡಿಯದ್ದು, ಕೈ ನನ್ನದು ಎಂದರು. ಕೋಣೆಯಲ್ಲಿ ಮೊದಲ ಸಲ ನಗು ಕೇಳಿಸಿತು.

ಆಮೇಲೆ ಫ್ರೀಜರಿನ ವಿಷಯ. ಇದನ್ನು ತಂಪಾಗಿ ಇಡು ಎಂದು ನಿನಗೆ ಹೇಳಿದವರು ಯಾರು ಎಂದು ಹಲೀಮಳನ್ನು ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ಎದ್ದೆ.

ಗಾನವಿ, ಜುಲೈ 8ರ ಕಾಗದದಲ್ಲಿ ಎಲ್ಲ ಹೇಳಿದ್ದೇನೆ ಎಂದು ನಿನಗೆ ಬರೆದಿದ್ದೆ. ನಿಜವಲ್ಲ. ಕೌಂಟರಿನಲ್ಲಿ ಎಂಟು ಜನ ನಿಂತಿದ್ದರು. ತಂಪಲ್ಲಿ ಇಡು ಮಾರಾಯ್ತಿ ಎಂದು ಫೋನ್ ಇಟ್ಟೆ. ಫ್ರೀಜರ್ ಬೇಡ ಎನ್ನಲಿಲ್ಲ. ಕೌಂಟರಿನಲ್ಲಿ ಕೈಗೆ ಪೆನ್ನು ಕೊಡುವಾಗ ದಿನಕ್ಕೆ ಹತ್ತು ಸಲ ಹೇಳುವ ಮಾತು, ಪೆನ್ನು ಎದುರಿಗಿಲ್ಲದ ಕಾರಣ ನೆನಪಿಗೇ ಬರಲಿಲ್ಲ. ಇಷ್ಟನ್ನೂ ಅಲ್ಲಿ ಹೇಳಿದೆ.

ಹಾಗಾದರೆ ತಪ್ಪು ಈಕೆಯದೇ ಎಂದು ವಕೀಲರು ಎದ್ದರು.  ಅಧಿಕಾರಿ ಅವರಿಗೆ ಕೂರಲು ಹೇಳಿ, ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು: “ಈ ಅಂಗಡಿಯ ಕೌಂಟರಿನಿಂದ ಹೋದ ಪೆನ್ನು ಕೆಟ್ಟ ದೂರು ಹತ್ತೊಂಬತ್ತು ವರ್ಷದಲ್ಲಿ ಒಂದೂ ಇಲ್ಲ. ನಿಮ್ಮ ಪೆಟ್ಟಿಗೆ ಬಂದ ಮೊದಲ ತಿಂಗಳೇ ನಾಲ್ವರ ಪೆನ್ನು ಕೆಟ್ಟಿವೆ. ಇದು ಯಾರ ಪರವಾದ ಸಾಕ್ಷ್ಯ?”

ಆಮೇಲೆ ಅವರು ಒಂದು ಹೇಳಿಕೆ ಓದಿದರು. ಜುಲೈ 14ರದ್ದು. ಕೊಟ್ಟವಳು ನೀನು.

ಸಹಿ ಮತ್ತು ಕ್ಲೈಮ್ ತಾಳೆ ನೋಡುವ ತಪಾಸಣೆಯನ್ನು ಎರಡು ವರ್ಷದ ಹಿಂದೆ ಬರೆದವಳು ನಾನೇ, ಒಂದೊಂದಾಗಿ ಕೊಡುವ ಪದ್ಧತಿ ಇದೆ ಎಂದು ನನಗೆ ತಿಳಿದಿರಲಿಲ್ಲ, ಕೇಳಲೂ ಇಲ್ಲ ಎಂದಿತ್ತು. ಬೇರೆ ಬಡಾವಣೆಗಳಲ್ಲಿ ಮಾರ್ಚಿನಿಂದ ಪೆಟ್ಟಿಗೆಯಲ್ಲಿ ಇನ್ಸುಲಿನ್ ಪಡೆಯುತ್ತಿದ್ದ 640 ಜನರಲ್ಲಿ 97 ಜನರಿಗೆ ಆರು ವಾರದೊಳಗೆ ಡೋಸ್ ಏರಿಸಬೇಕಾಯಿತು, ಇದು ಮದ್ದು ಕೆಟ್ಟಿರುವ ಲಕ್ಷಣ, ಕಂಪನಿಗೆ ಎರಡು ಸಲ ಬರೆದುಕೊಟ್ಟರೂ ಉತ್ತರ ಬರಲಿಲ್ಲ ಎಂದೂ ಇತ್ತು. ಸೆಬಾಸ್ಟಿಯನ್ ಮೇಜನ್ನೇ ನೋಡುತ್ತಿದ್ದರು.

ಇಬ್ಬರೂ ಗೆಳತಿಯರು, ಮಾತಾಡಿಕೊಂಡು ಮಾಡಿದ್ದು ಎಂದರು ವಕೀಲರು. ಹೇಳಿಕೆಯ ನಂತರ ಆಕೆಯನ್ನು ಸಂಪರ್ಕಿಸಿದ್ದೀರಾ ಎಂದು ಅಧಿಕಾರಿ ನನ್ನನ್ನು ಕೇಳಿದರು. ಪ್ರಯತ್ನಿಸಿದ್ದೇನೆ ಎಂದೆ. ಚೀಲದಿಂದ ಎರಡು ಲಕೋಟೆ ತೆಗೆದು ಮೇಜಿನ ಮೇಲಿಟ್ಟೆ. ಎರಡೂ ಮುಚ್ಚಿದ ಹಾಗೇ ಇದ್ದವು. ಜೂನಿನಿಂದ ನೀನು ಬರೆದ ಎರಡು ಕಾಗದಗಳನ್ನೂ ಕೊಟ್ಟೆ, ಓದಿಕೊಳ್ಳಲಿ ಎಂದು. ವಕೀಲರು ಮತ್ತೆ ಏಳಲಿಲ್ಲ.

ನಿನ್ನ ಮೇಲೆ ಏನೇನು ಬರೆದಿದ್ದೆ ಎಂಬುದು ಆ ಲಕೋಟೆಗಳಲ್ಲಿದೆ. ಈಗ ತೆರೆಯಬಹುದು, ಇದರ ಜೊತೆಗಿಟ್ಟಿದ್ದೇನೆ. ಓದಿ ಬೈದು ಬರೆ.

ನಾಫಿಯಾ

*

ಟೂರಿಸ್ಟ್ ಕ್ಲಬ್ ಏರಿಯಾ
12 ಸೆಪ್ಟೆಂಬರ್ 2025, ಶುಕ್ರವಾರ

ಪ್ರೀತಿಯ ನಾಫಿಯಾ,

ಮೂರೂ ಕಾಗದ ಓದಿದೆ. ಬೈಯಲು ಏನೂ ಸಿಗಲಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನು ಮೀನು ಕಳಿಸುತ್ತಿರಲಿಲ್ಲ.

ನಿನ್ನ ಮೊದಲ ಕಾಗದದಲ್ಲಿ ‘ಯಾವ ಪುಣ್ಯಾತ್ಮರು’ ಅನ್ನುವ ಕಡೆ ಬಂದಾಗ ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಒಲೆ ಆರಿಸಿ ಕೂತುಬಿಟ್ಟೆ. ಆ ತಪಾಸಣೆ ಬರೆದ ವರ್ಷ ನನಗೆ ಕಂಪನಿಯಲ್ಲಿ ಬಹುಮಾನ ಕೊಟ್ಟಿದ್ದರು. ನಿಜವಾದ ಸುಳ್ಳು ಕ್ಲೈಮುಗಳೂ ಅದರಿಂದ ಸಿಕ್ಕಿಬಿದ್ದಿವೆ. ಖಾಲಿ ತಂದು ತುಂಬಿದ್ದು ಒಯ್ಯುವ ಜನ ಇರಬಹುದು ಅಂತ ಹೊಳೆಯಲೇ ಇಲ್ಲ. ಆ ಕೆಲಸವನ್ನು ಪರದೆಯ ಮುಂದೆ ಕೂತು ಮಾಡಿದ್ದೆ, ಒಂದು ಕೌಂಟರಿಗೂ ಹೋಗಿರಲಿಲ್ಲ. ನಿನಗೆ ಹೇಳುವ ಧೈರ್ಯ ಬರಲಿಲ್ಲ. ಪ್ರಾಧಿಕಾರಕ್ಕೆ ಹೇಳುವುದೇ ಸುಲಭವಾಯಿತು.

ಜೂನಿನಲ್ಲಿ ಡೋಸಿನ ಅಂಕಿಗಳನ್ನು ನೋಡಿದಾಗ ಅನುಮಾನ ಬಂತು. ನೀನು ಬರೆದ 310ರಿಂದ ಖಾತ್ರಿಯಾಯಿತು. ರೋಗಿಗಳ ವಿವರವನ್ನು ಗೆಳತಿಗೆ ಬರೆಯುವಂತಿಲ್ಲ. ಸಾಕ್ಷಿಯಾಗುವವಳು ದೂರುದಾರಳ ಜೊತೆ ಕಾಗದ ವ್ಯವಹಾರ ಇಟ್ಟುಕೊಳ್ಳುವಂತೆಯೂ ಇಲ್ಲ. ಲಕೋಟೆ ವಾಪಸ್ ಕೊಡುವಾಗ ಪ್ರತಿ ಸಲ ಫ್ಲಾಯ್ಡ್ ನನ್ನನ್ನು ಕೊಲೆಗಾರಳ ಹಾಗೆ ನೋಡುತ್ತಿದ್ದ.

ಕೆಲಸ ಹೋಗುತ್ತದೆ ಅಂದುಕೊಂಡು ನಿನ್ನೆ ಮೇಜಿನ ಖಾನೆ ಖಾಲಿ ಮಾಡಿ ಇಟ್ಟಿದ್ದೆ. ಸೆಬಾಸ್ಟಿಯನ್ ಕರೆದರು. ಹೊಸ ನಿಯಮದ ಕರಡಿನ ಪ್ರಕಾರ ನಮ್ಮಂಥ ಪ್ರತಿ ಕಂಪನಿಯಲ್ಲೂ ಪ್ರಾಧಿಕಾರಕ್ಕೆ ನೇರವಾಗಿ ಉತ್ತರಿಸುವ ಒಬ್ಬ ಫಾರ್ಮಸಿಸ್ಟ್ ಇರಬೇಕಂತೆ. ನನ್ನ ಹೆಸರು ಕಳಿಸಿದ್ದಾರೆ. “ಬೇರೆ ಯಾರನ್ನಾದರೂ ಕೂರಿಸಿದರೆ ಅವರ ಮೇಲೂ ನೀನೇ ದೂರು ಕೊಡ್ತೀಯ. ಅದಕ್ಕಿಂತ ನೀನೇ ಕೂತ್ಕೋ,” ಅಂತ ಇಂಗ್ಲಿಷಿನಲ್ಲಿ ಹೇಳಿ, ಮುಖ ಗಂಟಿಕ್ಕಿಕೊಂಡೇ ಕೈ ಕುಲುಕಿದರು. ಖಾನೆ ಮತ್ತೆ ತುಂಬಿಸಿದೆ.

ಕಾಕನಿಗೆ ನನ್ನ ನಮಸ್ಕಾರ ಹೇಳು. ಒಂದು ದಿನ ನಿಮ್ಮ ಕೌಂಟರಿನ ಹಿಂದೆ ನಿಲ್ಲಬೇಕು. ಬಿಡುತ್ತಾರಾ ಕೇಳು.

ಗಾನವಿ

*

ಕರಾಮ
23 ಸೆಪ್ಟೆಂಬರ್ 2025, ಮಂಗಳವಾರ

ಗಾನವಿ,

ಸುತ್ತೋಲೆ ನಿನ್ನೆ ಹೊರಬಿತ್ತು. ಅಂಗಡಿಗೆ ಮೊದಲು ತಿಳಿಸಿದವನು ಫ್ಲಾಯ್ಡ್. ಮೊಬೈಲನ್ನು ಎತ್ತಿ ಹಿಡಿದುಕೊಂಡು ವ್ಯಾನಿನಿಂದ ಇಳಿದ. ಇಂಗ್ಲಿಷ್ ಓದಿ ಮುಗಿಸುವ ವ್ಯವಧಾನವಿಲ್ಲದೆ, ಗೆದ್ದಿದ್ದೇವಾ ಇಲ್ಲವಾ ನೀವೇ ಹೇಳಿ ಅಕ್ಕ ಎಂದ.

ಗೆದ್ದಿದ್ದೇವೆ. ಮದ್ದನ್ನು ಯಾವ ಅಂಗಡಿಯಿಂದ ಪಡೆಯಬೇಕು ಎಂಬುದು ಇನ್ನು ರೋಗಿಯ ಆಯ್ಕೆ. ನಡುವಿನ ಕಂಪನಿ ತನ್ನದೇ ಫಾರ್ಮಸಿಗೆ ಯಾರನ್ನೂ ಒತ್ತಾಯಿಸುವಂತಿಲ್ಲ. ತಂಪಿನಲ್ಲಿಡಬೇಕಾದ ಮದ್ದನ್ನು ಮನೆಗೆ ಕಳಿಸಿದರೆ ರೋಗಿಯ ಕೈಗೇ, ಅವರ ಭಾಷೆಯಲ್ಲಿ ವಿವರಿಸಿ ಕೊಡಬೇಕು. ದೂರಿನ ವಿಚಾರಣೆ ನಡೆಯುವಾಗ ಅಂಗಡಿಯನ್ನು ಪಟ್ಟಿಯಿಂದ ತೆಗೆಯುವಂತಿಲ್ಲ. ಆರನೆಯ ಅಂಶವನ್ನು ಕಾಕ ಮೂರು ಸಲ ಓದಿಸಿದರು. ತಿಂಗಳ ಮದ್ದನ್ನು ಹಂತಹಂತವಾಗಿ ಕೊಡಬಹುದು, ಪ್ರತಿ ಹಂತಕ್ಕೂ ಬ್ಯಾಚ್ ಸಂಖ್ಯೆಯ ದಾಖಲೆ ಇರಬೇಕು ಎಂದಿದೆ. “ಲೇಬಲ್ ಅಂಟಿಸ್ಬೇಕು ಅಂತ ಬರೆದಿದ್ದಾರಾ?” ಎಂದು ಕೇಳಿದರು. ದಾಖಲೆ ಎಂದಷ್ಟೇ ಇದೆ ಎಂದೆ. ಗೋಂದಿನ ಹೆಸರಿಲ್ಲದ್ದು ಅವರಿಗೆ ಸ್ವಲ್ಪ ಬೇಸರವಾಯಿತು.

ಸಂಜೆ ಅಂಗಡಿಯ ಮುಂದೆ ಮೂವತ್ತು ಜನ ಸೇರಿದ್ದರು. ಲೀಲಮ್ಮ ಮೆಸ್ಸಿನಿಂದ ದೊಡ್ಡ ಪಾತ್ರೆಯಲ್ಲಿ ಪಾಯಸ ಹೊತ್ತು ತಂದರು. ಸಕ್ಕರೆಯವರಿಗೆಂದು ಬೇರೆ ಚಿಕ್ಕ ಪಾತ್ರೆಯಲ್ಲಿ ಸಿಹಿಯಿಲ್ಲದ ಪಾಯಸ. ಅದನ್ನು ಕುಡಿದ ಹನ್ನೊಂದೂ ಜನ ಮುಖ ಕಿವುಚಿಕೊಂಡರು, ಯಾರೂ ಲೋಟ ಕೆಳಗಿಡಲಿಲ್ಲ. ಹಲೀಮ ಬಂದವರೆಲ್ಲರ ಕೈಹಿಡಿದು, ಫ್ರೀಜರಲ್ಲ, ಕೆಳಗಿನ ಖಾನೆ, ಬಾಗಿಲಿನ ಹತ್ತಿರವೂ ಅಲ್ಲ ಎಂದು ಹೇಳುತ್ತಾ ತಿರುಗಾಡಿದಳು. ಅವಳನ್ನು ಕೆಲಸಕ್ಕೆ ಇಟ್ಟುಕೊಂಡರೆ ನಾನು ಮನೆಯಲ್ಲಿ ಕೂರಬಹುದು.

ನಿನ್ನ ಹೇಳಿಕೆಯ ವಿಷಯವನ್ನು ಎಲ್ಲರಿಗೂ ತಿಳಿಸಿದೆ. ಲೀಲಮ್ಮ ಪೂರ್ತಿ ಕೇಳಿ, “ಗಂಟು ಹಾಕ್ದೋಳೇ ಬಿಚ್ಚವ್ಳೆ. ಕರ್ಕಂಬಾ ಆ ಮಗೀನ, ಸಿಹಿ ಪಾಯ್ಸ ಮಡಗಿರ್ತೀನಿ,” ಎಂದರು. ಕಾಕ ನಿನಗೊಂದು ಬಿಳಿ ಕೋಟನ್ನು ಇಸ್ತ್ರಿ ಮಾಡಿಸಿ ತೂಗು ಹಾಕಿದ್ದಾರೆ. ಕೌಂಟರಿನ ಹಿಂದೆ ನಿಲ್ಲಬಹುದಂತೆ, ಆದರೆ ಮೊದಲ ದಿನ ಲೇಬಲ್ ಮಾತ್ರ.

ಲೀಲಮ್ಮನ ಸಕ್ಕರೆ ಇವತ್ತು ಬೆಳಿಗ್ಗೆ 132.

ನಿಯಮ ಅಕ್ಟೋಬರ್ 1, ಬುಧವಾರ ಜಾರಿಗೆ ಬರುತ್ತದೆ. ಅಂಗಡಿ ಎಂಟೂವರೆಗೆ ತೆರೆಯುತ್ತದೆ. ಮೊದಲ ಪೆನ್ನು ಲೀಲಮ್ಮನವರದು. ಖಾಲಿ ಪೆನ್ನು ತರಲು ಹೇಳಿದ್ದೇನೆ.

ನಾಫಿಯಾ